ಸ್ಲೋ ಕುಕ್ಕರ್ ಪಾಸ್ಟಾ ಸೂಪ್ ಮೂರನೇ ಸಲವೂ ಗಂಜಿಯಾಯಿತು, ಯಾರಾದರೂ ದಾರಿ ಹೇಳಿ

ಹಿಮದೂರು (ಮಿನಿಯಾಪೊಲಿಸ್)
ಸಾಕಾಗಿ ಹೋಗಿದೆ. ಈ ತಿಂಗಳಲ್ಲಿ ಮೂರನೇ ಸಲ ಪಾತ್ರೆಗಟ್ಟಲೆ ಸೂಪ್ ಚೆಲ್ಲಿದ್ದೇನೆ. ಆಫೀಸಿನಲ್ಲಿ ಗೆಳತಿಯೊಬ್ಬಳು ಪಾಸ್ಟಾ ಎ ಫಜೋಲಿ ತಂದಿದ್ದಳು, ಪಾಸ್ಟಾ ಮತ್ತು ಕಾಳು ಹಾಕಿದ ಸೂಪ್. ಅವರ ಮನೆಯವರು ಇಟಲಿ ಮೂಲದವರು. ಒಂದು ಬಟ್ಟಲು ಕುಡಿದರೆ ಹೊಟ್ಟೆ ತುಂಬಿತು. ಈ ಚಳಿಗೆ ಇದೇ ಸರಿ ಅಂತ ನಾನೂ ಶುರು ಮಾಡಿದೆ. ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್, ಸೆಲರಿ, ಒಂದು ಡಬ್ಬಿ ಟೊಮೆಟೊ, ರಾಜ್ಮಾ, ಪಾಸ್ಟಾ, 6 ಕಪ್ ನೀರು. ಬೆಳಿಗ್ಗೆ ಸ್ಲೋ ಕುಕ್ಕರಿಗೆ (ಗಂಟೆಗಟ್ಟಲೆ ಸಣ್ಣ ಶಾಖದಲ್ಲಿ ಬೇಯಿಸುವ ಕರೆಂಟಿನ ಪಾತ್ರೆ) ಹಾಕಿ, ಲೋ, ಅಂದರೆ ಕಡಿಮೆ ಶಾಖಕ್ಕೆ ಇಟ್ಟು ಕೆಲಸಕ್ಕೆ ಹೋಗುತ್ತೇನೆ. ಸಂಜೆ ಮುಚ್ಚಳ ತೆಗೆದರೆ ಪಾಸ್ಟಾ ಎಲ್ಲಾ ಕರಗಿ ಗಂಜಿ. ಸೌಟು ನಿಲ್ಲಿಸಿದರೆ ನಿಂತುಕೊಳ್ಳುತ್ತದೆ. ಏನು ತಪ್ಪು ಮಾಡುತ್ತಿದ್ದೇನೆ?

ಒಗ್ಗರಣೆಡಬ್ಬಿ (ಎಡಿಸನ್, ನ್ಯೂಜೆರ್ಸಿ)
ಪಾಸ್ಟಾ ಯಾವುದು ಅಕ್ಕ? ಅಲ್ಲೇ ಇದೆ ಸಮಸ್ಯೆ. ಪೊಟ್ಟಣದ ಹಿಂದೆ ಓದಿ. ಡ್ಯೂರಮ್ ಗೋಧಿಯ ಸೆಮೊಲಿನಾ ಅಂತ ಇರಬೇಕು, ಅಂದರೆ ಗಟ್ಟಿ ಜಾತಿಯ ಗೋಧಿಯ ರವೆ. ಮೈದಾ ಬೆರೆತಿದ್ದರೆ ಬಿಸಿನೀರಿನಲ್ಲಿ ಬೇಗ ಮೆತ್ತಗಾಗುತ್ತದೆ. ಡ್ಯೂರಮ್‌ನಲ್ಲಿ ಪ್ರೋಟೀನ್ ಜಾಸ್ತಿ, ಅದು ಹಿಟ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ.

ಹಿಮದೂರು
ಎಲ್ಬೋ ಮ್ಯಾಕರೋನಿ, ಬಾಗಿದ ಚಿಕ್ಕ ಕೊಳವೆಯಂಥದ್ದು. ಡ್ಯೂರಮ್ ಅಂತಲೇ ಬರೆದಿದೆ. ಒಂದು ಪೌಂಡಿನ ಪೊಟ್ಟಣ, ಪೂರ್ತಿ ಹಾಕಿದೆ.

ಒಗ್ಗರಣೆಡಬ್ಬಿ
ಹಾಗಾದರೆ ಆಕಾರ ಬದಲಿಸಿ. ಡಿಟಲೀನಿ ತನ್ನಿ, ಚಿಕ್ಕ ಕೊಳವೆ ತುಂಡುಗಳು. ಈ ಸೂಪಿಗೆ ಇಟಲಿಯವರು ಹೆಚ್ಚಾಗಿ ಅದನ್ನೇ ಹಾಕುತ್ತಾರೆ. ಕಂಚಿನ ಅಚ್ಚಿನಲ್ಲಿ ಒತ್ತಿ, ಕಡಿಮೆ ಶಾಖದಲ್ಲಿ ನಿಧಾನವಾಗಿ ಒಣಗಿಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ನನ್ನ ಬಳಿ ಈಗ 7 ಬಗೆ ಇದೆ. ವ್ಯತ್ಯಾಸ ಬಾಯಿಗೆ ಗೊತ್ತಾಗುತ್ತದೆ.

ಬಿಸಿಬೇಳೆಭಾನುವಾರ (ಡೆನ್ವರ್)
ಅಚ್ಚಿನ ಮಾತು ಆಮೇಲೆ. 454 ಗ್ರಾಂ ಪಾಸ್ಟಾಗೆ 6 ಕಪ್ ನೀರು ಅಂದರೆ ಅದು ಸೂಪೇ ಅಲ್ಲ. ಒಣ ಪಾಸ್ಟಾ ಬೆಂದಾಗ ತೂಕ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಆ ನೀರೆಲ್ಲ ನಿಮ್ಮ ಸಾರಿನಿಂದಲೇ ಹೋಗಬೇಕು. ಬಿಸಿಬೇಳೆಬಾತ್ ಇಳಿಸುವಾಗ ತೆಳ್ಳಗಿದ್ದದ್ದು ಅರ್ಧ ಗಂಟೆಯಲ್ಲಿ ಬಿಗಿಯಾಗುತ್ತದಲ್ವಾ, ಅದೇ ಕಥೆ. ಅಷ್ಟು ಸಾರಿಗೆ ಒಂದು ಕಪ್ ಪಾಸ್ಟಾ ಸಾಕು. ಒಂದು ಪ್ರಶ್ನೆ: ಪಾಸ್ಟಾ ಯಾವಾಗ ಹಾಕುತ್ತೀರಿ?

ಹಿಮದೂರು
ಬೆಳಿಗ್ಗೆ ಏಳೂವರೆಗೆ, ಎಲ್ಲದರ ಜೊತೆಗೆ. ಎಲ್ಲಾ ಒಟ್ಟಿಗೆ ಹಾಕಿ ಹೋಗಿ, ಸಂಜೆ ಊಟ ರೆಡಿ ಅಂತಲೇ ತಾನೇ ಸ್ಲೋ ಕುಕ್ಕರ್ ಕೊಳ್ಳುವುದು? ಮನೆಗೆ ಬರುವುದು ಐದಕ್ಕೆ.

ಬಿಸಿಬೇಳೆಭಾನುವಾರ
ಒಂಬತ್ತೂವರೆ ಗಂಟೆ! ಎಲ್ಬೋ ಕುದಿಯುವ ನೀರಿನಲ್ಲಿ 7-8 ನಿಮಿಷಕ್ಕೆ ಬೇಯುತ್ತದೆ. ನಿಮ್ಮ ಸೂಪ್ ಮಧ್ಯಾಹ್ನವೇ ಗಂಜಿಯಾಗಿತ್ತು. ಸಂಜೆ ಬಂದ ಮೇಲೆ ಹೈಗೆ ತಿರುಗಿಸಿ, ಪಾಸ್ಟಾ ಹಾಕಿ, 20-25 ನಿಮಿಷ ಬಿಡಿ. ಇಲ್ಲವೇ ಪಕ್ಕದ ಒಲೆಯಲ್ಲಿ ಬೇರೆಯಾಗಿ ಬೇಯಿಸಿ ಬಟ್ಟಲಿಗೆ ಹಾಕಿ ಮೇಲೆ ಸೂಪ್ ಸುರಿಯಿರಿ. ನನಗೆ ಎರಡನೆಯದೇ ಇಷ್ಟ. ಉಳಿದ ಸೂಪ್ ಮಾರನೇ ದಿನಕ್ಕೂ ಸೂಪಾಗಿಯೇ ಇರುತ್ತದೆ.

ಹಳೇಪಾತ್ರೆ (ಷಿಕಾಗೊ)
ಯಾರೂ ಕುಕ್ಕರ್ ಬಗ್ಗೆ ಕೇಳಲಿಲ್ಲ. ಎಷ್ಟು ಕ್ವಾರ್ಟಿನದು (ಒಂದು ಕ್ವಾರ್ಟ್ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್)? ಅರ್ಧದಿಂದ ಮುಕ್ಕಾಲು ತುಂಬಿರಬೇಕು. 8 ಕ್ವಾರ್ಟಿನ ಪಾತ್ರೆಯಲ್ಲಿ 6 ಕಪ್ ನೀರಿದ್ದರೆ ಅಂಚು ಸೀದು ಹೋಗುತ್ತದೆ. ನನ್ನ ಬಳಿ ಮೂರಿವೆ. ಒಂದು 70ರ ದಶಕದ್ದು, ಕಿತ್ತಳೆ ಬಣ್ಣ, ಒಳಪಾತ್ರೆ ಹೊರಗೆ ಬರುವುದಿಲ್ಲ. ಗ್ಯಾರೇಜ್ ಸೇಲ್‌ನಲ್ಲಿ 4 ಡಾಲರಿಗೆ ಸಿಕ್ಕಿತು. ಇವತ್ತಿಗೂ ಒಂದೇ ಸಮನೆ ಶಾಖ ಕೊಡುತ್ತದೆ. ಟೈಮರ್ ಇಲ್ಲ, ಪರದೆ ಇಲ್ಲ, ಹಾಳಾಗಲು ಏನೂ ಇಲ್ಲ.

ಹಿಮದೂರು
6 ಕ್ವಾರ್ಟಿನದು. ಮುಕ್ಕಾಲು ತುಂಬಿರುತ್ತದೆ.

ಒಗ್ಗರಣೆಡಬ್ಬಿ
ಲೋ ಬೇಡ, ಹೈ ಇಡಿ. ಲೋನಲ್ಲಿ ನೀರು ಬಿಸಿಯೇ ಆಗುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಪಾಸ್ಟಾ ನೆನೆದು ಕರಗುತ್ತದೆ.

ಹಳೇಪಾತ್ರೆ
ತಪ್ಪು. ಲೋ, ಹೈ ಎರಡೂ ಕೊನೆಗೆ ಹತ್ತಿರಹತ್ತಿರ ಒಂದೇ ಶಾಖಕ್ಕೆ ಹೋಗುತ್ತವೆ, ಕುದಿಯುವುದಕ್ಕೆ ಸ್ವಲ್ಪ ಕೆಳಗೆ. ಹೈನಲ್ಲಿ 3-4 ಗಂಟೆಗೆ ಅಲ್ಲಿಗೆ ಮುಟ್ಟುತ್ತದೆ. ಲೋನಲ್ಲಿ 7-8 ಗಂಟೆ ಬೇಕು. ವ್ಯತ್ಯಾಸ ಇರುವುದು ಸಮಯದಲ್ಲಿ.

ಒಗ್ಗರಣೆಡಬ್ಬಿ
ನನ್ನದು ಲೋನಲ್ಲಿ ಎಂದೂ ಅಷ್ಟು ಬಿಸಿಯಾಗಿಲ್ಲ. ಬೆರಳು ಅದ್ದಬಹುದು.

ಹಳೇಪಾತ್ರೆ
ಹಾಗಿದ್ದರೆ ನಿಮ್ಮದು ಕೆಟ್ಟಿದೆ, ಅದರಲ್ಲಿ ಅಡುಗೆ ಮಾಡಬೇಡಿ. ಪರೀಕ್ಷೆ ಸುಲಭ. ಅರ್ಧದಿಂದ ಮುಕ್ಕಾಲು ನೀರು ತುಂಬಿ. ಲೋನಲ್ಲಿ 8 ಗಂಟೆ ಬಿಡಿ, ಮುಚ್ಚಳ ತೆಗೆಯಬೇಡಿ. ಆಮೇಲೆ ತಕ್ಷಣ ಥರ್ಮಾಮೀಟರ್ ಇಡಿ. 185ರಿಂದ 200 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಅದಕ್ಕಿಂತ ತುಂಬಾ ಕಡಿಮೆ ಇದ್ದರೆ ಎಸೆಯಿರಿ.

ಒಗ್ಗರಣೆಡಬ್ಬಿ
ಈಗ ನೀವೇ 200 ಅಂದಿರಿ. ಮೊದಲು ಕುದಿಯುವ ಹತ್ತಿರ ಅಂದಿರಿ. ಕುದಿಯುವುದು 212ಕ್ಕೆ.

ಹಳೇಪಾತ್ರೆ
ಒಂದು ತಯಾರಕರು ಹೇಳುವುದು, ಇನ್ನೊಂದು ಮನೆಯಲ್ಲಿ ಪರೀಕ್ಷೆ ಮಾಡುವವರಿಗೆ ಕೊಡುವ ಅಳತೆ. ಎರಡರ ಪ್ರಕಾರವೂ ಬೆರಳು ಸುಡುತ್ತದೆ.

ಹಿಮದೂರು
ದಯವಿಟ್ಟು ನನ್ನ ಸೂಪಿನ ವಿಷಯಕ್ಕೆ ಬನ್ನಿ. ಪಾಸ್ಟಾ ಕೊನೆಗೆ ಹಾಕಬೇಕು, ಕಡಿಮೆ ಹಾಕಬೇಕು, ಅದು ಅರ್ಥವಾಯಿತು. ಆದರೆ ಪಾಸ್ಟಾ ಇಷ್ಟು ಕರಗಿದರೂ ರಾಜ್ಮಾ ಮಾತ್ರ ನಡುವೆ ಗಟ್ಟಿಯಾಗಿತ್ತು. ಅದು ಹೇಗೆ? ಕಳೆದ ವಾರ ಹೇಗೂ ಮಾಡಿಯಾಗಿದೆ ಅಂತ ನಾನು, ಮಗ ಅರ್ಧ ಬಟ್ಟಲು ತಿಂದೆವು. ಎರಡು ಗಂಟೆಯೊಳಗೆ ಇಬ್ಬರಿಗೂ ವಾಂತಿ. ಆಮೇಲೆ ಭೇದಿ. ರಾತ್ರಿ ಹೊತ್ತಿಗೆ ಸರಿಹೋಯಿತು. ಟೊಮೆಟೊ ಡಬ್ಬಿ ಹಳೆಯದಾಗಿತ್ತೇನೋ. ಈ ಸಲ ಬೇರೆ ತಂದಿದ್ದೇನೆ.

ಒಗ್ಗರಣೆಡಬ್ಬಿ
ಡಬ್ಬಿ ಉಬ್ಬಿತ್ತಾ? ಉಬ್ಬಿದ್ದರೆ ಮುಟ್ಟಲೇಬಾರದು.

ಪ್ರಯೋಗಶಾಲೆ (ರಾಲೀ, ನಾರ್ತ್ ಕೆರೊಲಿನಾ)
ಟೊಮೆಟೊ ಬಿಡಿ. ಅಕ್ಕ, ರಾಜ್ಮಾ ಡಬ್ಬಿಯದಾ, ಒಣದಾ? ಇದಕ್ಕೆ ಉತ್ತರ ಬರುವ ತನಕ ಯಾರೂ ಈ ಸೂಪ್ ಮಾಡಬೇಡಿ. ನಾನು ಆಹಾರ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ, ಸುಮ್ನೆ ಹೆದರಿಸುತ್ತಿಲ್ಲ.

ಹಿಮದೂರು
ಒಣ ರಾಜ್ಮಾ. ಇಂಡಿಯನ್ ಅಂಗಡಿಯಿಂದ ತಂದದ್ದು. ರಾತ್ರಿ ನೆನೆಸಿ, ಬೆಳಿಗ್ಗೆ ನೆನೆದ ನೀರಿನ ಸಮೇತ ಹಾಕಿದೆ. ಇದನ್ನು ಮೊದಲೇ ಹೇಳಬೇಕಿತ್ತಾ?

ಪ್ರಯೋಗಶಾಲೆ
ಅದೇ ಕಾರಣ ಅಂತ ನನಗೆ ಅನಿಸುತ್ತಿದೆ. ಹಸಿ ಕೆಂಪು ರಾಜ್ಮಾದಲ್ಲಿ ಫೈಟೊಹೆಮಗ್ಲುಟಿನಿನ್ ಎಂಬ ವಿಷವಿದೆ. ಅದು ಲೆಕ್ಟಿನ್ ಎಂಬ ಬಗೆಯ ಪ್ರೋಟೀನ್. ಬೇರೆ ಕಾಳುಗಳಲ್ಲೂ ಇದೆ, ಆದರೆ ಕೆಂಪು ರಾಜ್ಮಾದಲ್ಲಿ ತುಂಬಾ ಜಾಸ್ತಿ. ಬಿಳಿ ರಾಜ್ಮಾದಲ್ಲಿ ಇದರ ಮೂರನೇ ಒಂದು ಭಾಗದಷ್ಟು. ನಾಲ್ಕೈದು ಹಸಿ ಕಾಳು ತಿಂದರೂ ಸಾಕು. 1ರಿಂದ 3 ಗಂಟೆಯಲ್ಲಿ ಜೋರು ವಾಂತಿ, ಆಮೇಲೆ ಭೇದಿ, ಕೆಲವು ಗಂಟೆಗಳಲ್ಲಿ ತಾನೇ ಸರಿಹೋಗುತ್ತದೆ. ನೀವು ಬರೆದದ್ದು ಅದೇ ಅಲ್ವಾ?

ಚೆನ್ನಾಗಿ ಕುದಿಸಿದರೆ ಈ ವಿಷ ಹೋಗುತ್ತದೆ. ಆದರೆ ಸ್ಲೋ ಕುಕ್ಕರ್ ಕುದಿಸುವುದಿಲ್ಲ. ಅದರಲ್ಲಿ ಮಾಡಿದ ಅಡುಗೆಯ ಒಳಗಿನ ಶಾಖ ಎಷ್ಟೋ ಸಲ 75 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ ಎಂದು ಅಮೆರಿಕದ ಆಹಾರ, ಔಷಧ ಇಲಾಖೆ ಎಫ್‌ಡಿಎಯ ಕೈಪಿಡಿಯಲ್ಲೇ ಇದೆ. 80 ಡಿಗ್ರಿಯವರೆಗೆ ಮಾತ್ರ ಬಿಸಿಯಾದ ಕಾಳು ಹಸಿ ಕಾಳಿಗಿಂತ 5 ಪಟ್ಟು ವಿಷವಾಗಬಹುದು ಎಂದೂ ಇದೆ. ಅರೆಬೆಂದ ರಾಜ್ಮಾಗೆ ಹೆದರಬೇಕಾದದ್ದು ಅದಕ್ಕೇ.

ಮಾಡಬೇಕಾದ್ದು ಇಷ್ಟು. ಕನಿಷ್ಠ 5 ಗಂಟೆ ನೆನೆಸಿ. ಆ ನೀರು ಚೆಲ್ಲಿ. ಹೊಸ ನೀರಿನಲ್ಲಿ ಒಲೆಯ ಮೇಲೆ ತಳಮಳ ಕುದಿಸಿ. 10 ನಿಮಿಷ ಕುದಿದರೆ ವಿಷ ಹೋಗುತ್ತದೆ, ಆದರೆ ಒಳಗಿನವರೆಗೂ ಶಾಖ ಮುಟ್ಟಲಿ ಅಂತ 30 ನಿಮಿಷ ಹೇಳುತ್ತಾರೆ. ಆಮೇಲೆ ಸ್ಲೋ ಕುಕ್ಕರಿಗೆ. ಡಬ್ಬಿಯ ರಾಜ್ಮಾ ಮೊದಲೇ ಬೆಂದಿರುತ್ತದೆ, ತೊಳೆದು ಹಾಗೇ ಹಾಕಬಹುದು. ನಿಮ್ಮ ಗೆಳತಿ ಅದನ್ನೇ ಹಾಕಿರಬೇಕು. ಮಗನಿಗೆ ಮತ್ತೆ ಹೊಟ್ಟೆ ಕೆಟ್ಟರೆ ಡಾಕ್ಟರಿಗೆ ಈ ಕಾಳಿನ ವಿಷಯ ಹೇಳಿ.

ಹಳೇಪಾತ್ರೆ
ಇದನ್ನು ಒಪ್ಪುವುದು ನನಗೆ ಕಷ್ಟ. ಈ ಯಂತ್ರ ಹುಟ್ಟಿದ್ದೇ ಕಾಳು ಬೇಯಿಸಲು. ಇದನ್ನು ಮಾಡಿದ ಇರ್ವಿಂಗ್ ನ್ಯಾಕ್ಸನ್ ನಮ್ಮ ಷಿಕಾಗೊದವರು. ಲಿಥುವೇನಿಯಾದಲ್ಲಿ ಯಹೂದಿ ಮನೆಗಳಲ್ಲಿ ಚೋಲೆಂಟ್ ಎಂಬ ಕಾಳಿನ ಅಡುಗೆ ಮಾಡುತ್ತಿದ್ದರು. ಸಬ್ಬತ್ ಎಂಬ ಅವರ ವಾರದ ವಿಶ್ರಾಂತಿಯ ದಿನ ಒಲೆ ಹಚ್ಚುವಂತಿಲ್ಲ. ಅದಕ್ಕೆ ಹಿಂದಿನ ಸಂಜೆಯೇ ಪಾತ್ರೆಯನ್ನು ಬೇಕರಿಯ ಒಲೆಯಲ್ಲಿಟ್ಟು, ರಾತ್ರಿಯಿಡೀ ಆರುವ ಶಾಖದಲ್ಲಿ ಬೇಯಲು ಬಿಡುತ್ತಿದ್ದರು. ತಾಯಿ ಹೇಳಿದ ಆ ಮಾತಿನಿಂದ ಇವರಿಗೆ ಯೋಚನೆ ಬಂತು. 1940ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಮಾರಿದ್ದು ನ್ಯಾಕ್ಸನ್ ಬೀನರಿ ಎಂಬ ಹೆಸರಿನಲ್ಲಿ. 1970ರಲ್ಲಿ ರೈವಲ್ ಕಂಪನಿ ಅದನ್ನು ಕೊಂಡಿತು, 1971ರಲ್ಲಿ ಕ್ರಾಕ್-ಪಾಟ್ ಎಂದು ಮಾರುಕಟ್ಟೆಗೆ ಬಂತು. ಕಾಳಿಗೇ ಮಾಡಿದ ಪಾತ್ರೆಯಲ್ಲಿ ಕಾಳು ವಿಷ ಅಂದರೆ?

ಪ್ರಯೋಗಶಾಲೆ
ಚರಿತ್ರೆ ಸರಿ ಇದೆ ಸರ್. ಆದರೆ ಎಲ್ಲಾ ಕಾಳೂ ಕೆಂಪು ರಾಜ್ಮಾ ಅಲ್ಲ. ಬೇಕರಿಯ ಒಲೆ ಶುರುವಿನಲ್ಲಿ ಎಷ್ಟು ಕಾದಿರುತ್ತದೆ ಎಂದು ಯೋಚಿಸಿ. ಪಾತ್ರೆ ಮೊದಲು ಕುದಿದು, ಆಮೇಲೆ ಶಾಖ ಇಳಿಯುತ್ತಾ ಹೋಗುತ್ತದೆ. ಸ್ಲೋ ಕುಕ್ಕರಿನಲ್ಲಿ ತಣ್ಣೀರಿನಿಂದ ಶುರುವಾಗಿ ಶಾಖ ಮೆಲ್ಲಗೆ ಏರುತ್ತದೆ. ಎರಡೂ ಒಂದೇ ಅಲ್ಲ.

ಹಳೇಪಾತ್ರೆ
ನಾನು 20 ವರ್ಷದಿಂದ ಕಾಳು ಹಾಕುತ್ತಿದ್ದೇನೆ, ಏನೂ ಆಗಿಲ್ಲ.

ಪ್ರಯೋಗಶಾಲೆ
ಯಾವ ಕಾಳು?

ಹಳೇಪಾತ್ರೆ
ಹೆಚ್ಚಾಗಿ ಕಡಲೆ, ಅಲಸಂದೆ. ರಾಜ್ಮಾ ಹಾಕುವಾಗ ಡಬ್ಬಿಯದು.

ಸೀಟಿಮೂರು (ಶಿವಮೊಗ್ಗ)
ನಮ್ಮ ಊರಿನಲ್ಲಿ ಇದು ಯಾರಿಗೂ ಗೊತ್ತಿಲ್ಲದ್ದಕ್ಕೆ ಕಾರಣವಿದೆ. ನಾವು ರಾಜ್ಮಾ ಅಂದರೆ ಕುಕ್ಕರಿಗೆ ಹಾಕಿ ಸೀಟಿ ಕೂಗಿಸುತ್ತೇವೆ. ಒಳಗೆ 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ವಿಷ ಅಲ್ಲಿಗೇ ಮುಗಿಯಿತು. ಅಮೆರಿಕಕ್ಕೆ ಹೋದ ಮೇಲೆ ಸ್ಲೋ ಕುಕ್ಕರ್ ಕೊಂಡವರು ಆ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ.

ಇನ್ನೊಂದು ಮಾತು. ಕಾಳು ಗಟ್ಟಿಯಾಗಿ ಉಳಿದದ್ದಕ್ಕೆ ಟೊಮೆಟೊ ಕೂಡ ಕಾರಣ. ಬೇಳೆ ಬೇಯುವ ಮೊದಲೇ ಹುಣಸೆರಸ ಹಾಕಿದರೆ ಅಮ್ಮ ಬೈಯುವುದಿಲ್ಲವಾ? ಹುಳಿ ಬಿದ್ದರೆ ಕಾಳಿನ ಸಿಪ್ಪೆ, ತಿರುಳು ಸಡಿಲವಾಗುವುದಿಲ್ಲ. ಕಾಳು ಬೆಂದ ಮೇಲೆ ಟೊಮೆಟೊ ಹಾಕಿ.

ಬಿಸಿಬೇಳೆಭಾನುವಾರ
ನಾನು ಇರುವುದು ಡೆನ್ವರಿನಲ್ಲಿ, ಸಮುದ್ರಮಟ್ಟದಿಂದ 1600 ಮೀಟರ್ ಮೇಲೆ. ಇಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. 30 ನಿಮಿಷ ಸಾಕಾ?

ಪ್ರಯೋಗಶಾಲೆ
ಅಲ್ಲಿ ಪ್ರೆಶರ್ ಕುಕ್ಕರ್ ಬಳಸಿ. ಅನುಮಾನವೇ ಬೇಡ.

ಒಗ್ಗರಣೆಡಬ್ಬಿ
ಅಕ್ಕ, ಕಾಳು ಸರಿಹೋಯಿತು ಅಂದುಕೊಳ್ಳಿ. ರುಚಿಗೆ ಪಾರ್ಮೆಸಾನ್ ಚೀಸಿನ ಗಟ್ಟಿ ಸಿಪ್ಪೆ ಒಂದು ತುಂಡು ಶುರುವಿನಲ್ಲೇ ಹಾಕಿ. ಬಡಿಸುವ ಮೊದಲು ತೆಗೆದುಬಿಡಿ. ಸಾರಿಗೆ ಬೇರೆಯೇ ಗತ್ತು ಬರುತ್ತದೆ.

ಸೀಟಿಮೂರು
ಸಸ್ಯಾಹಾರಿಗಳು ಗಮನಿಸಿ. ಅಸಲಿ ಪಾರ್ಮಿಜಾನೊ ರೆಜಾನೊ ಮಾಡಲು ಹಾಲು ಒಡೆಯಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದು ಸಸ್ಯಾಹಾರ ಅಲ್ಲ.

ಒಗ್ಗರಣೆಡಬ್ಬಿ
ಅಮೆರಿಕದಲ್ಲಿ ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್‌ನದೂ ಸಿಗುತ್ತದೆ. ಪೊಟ್ಟಣ ಓದಿದರೆ ಆಯಿತು. ನಮ್ಮ ಮನೆಯಲ್ಲೂ ಸಸ್ಯಾಹಾರವೇ.

ಸೀಟಿಮೂರು
ಎಷ್ಟು ಜನ ಓದುತ್ತಾರೆ? ಅದಕ್ಕೇ ಹೇಳಿದೆ. ಚೀಸ್ ಬೇಡದವರು ಬೆಳ್ಳುಳ್ಳಿ, ಒಣಮೆಣಸು ಎಣ್ಣೆಯಲ್ಲಿ ಹುರಿದು ಮೇಲೆ ಸುರಿಯಿರಿ. ಒಗ್ಗರಣೆಯ ಹಾಗೆಯೇ.

ಹಿಮದೂರು
ಎಲ್ಲರಿಗೂ ಥ್ಯಾಂಕ್ಸ್. ಪ್ರಯೋಗಶಾಲೆ ಅವರೇ, ನಿಮ್ಮ ಉತ್ತರ ಓದಿ ಕೈಕಾಲು ತಣ್ಣಗಾಯಿತು. ಮಗನಿಗೆ ಆರು ವರ್ಷ. ಫ್ರಿಜ್ಜಿನಲ್ಲಿ ಉಳಿದಿದ್ದ ಒಂದು ಡಬ್ಬವನ್ನೂ ಚೆಲ್ಲಿದೆ.

ಭಾನುವಾರ ಮತ್ತೆ ಮಾಡಿದೆ. ಒಂದು ಕಪ್ ಒಣ ರಾಜ್ಮಾ ಶನಿವಾರ ರಾತ್ರಿ ನೆನೆಸಿದೆ, ನೀರು ಚೆಲ್ಲಿದೆ. ಬೆಳಿಗ್ಗೆ ಪ್ರೆಶರ್ ಕುಕ್ಕರಿನಲ್ಲಿ ಪೂರ್ತಿ ಬೇಯಿಸಿದೆ. ಎರಡು ಬೆರಳಿನ ನಡುವೆ ಹಿಸುಕಿದರೆ ಬೆಣ್ಣೆಯ ಹಾಗೆ ಒತ್ತಿಕೊಂಡಿತು. ಆಮೇಲೆ ಕಾಳು, ತರಕಾರಿ, ಟೊಮೆಟೊ, 7 ಕಪ್ ನೀರು, ಲೋನಲ್ಲಿ 7 ಗಂಟೆ. ಒಂದು ಸೌಟು ಕಾಳನ್ನು ಅರೆದು ವಾಪಸ್ ಸೇರಿಸಿದೆ, ಸಾರು ತಾನೇ ಮಂದವಾಯಿತು. ಎಲ್ಬೋ ಬೇರೆ ಬೇಯಿಸಿ ಬಟ್ಟಲಿಗೆ ಹಾಕಿದೆ. ಮಗ ಎರಡು ಸಲ ಹಾಕಿಸಿಕೊಂಡ. ರಾತ್ರಿಯಿಡೀ ಎದ್ದು ಎದ್ದು ನೋಡಿದೆ, ಆರಾಮಾಗಿ ಮಲಗಿದ್ದ.

ಒಂದೇ ತೊಂದರೆ ಉಳಿದಿದೆ. ಕ್ಯಾರೆಟ್ ಇನ್ನೂ ಕಟಕಟ ಅನ್ನುತ್ತದೆ.

ಹಳೇಪಾತ್ರೆ
ಸ್ಲೋ ಕುಕ್ಕರಿನಲ್ಲಿ ಗಡ್ಡೆ ತರಕಾರಿ ನಿಧಾನ. ಸಣ್ಣಗೆ ಹೆಚ್ಚಿ, ತಳದಲ್ಲಿ ಮತ್ತು ಅಂಚಿಗೆ ಹಾಕಿ. ಶಾಖ ಅಲ್ಲಿಂದಲೇ ಬರುವುದು. ಮಧ್ಯೆ ಮುಚ್ಚಳ ತೆಗೆದು ನೋಡಿದ್ದೀರಾ? ಪ್ರತಿ ಸಲ ತೆಗೆದಾಗ 20-30 ನಿಮಿಷ ಜಾಸ್ತಿ ಬೇಕು.

ಹಿಮದೂರು
ನಾಲ್ಕೈದು ಸಲ ತೆಗೆದೆ. ಕಾಳು ಮತ್ತೆ ಮತ್ತೆ ಹಿಸುಕಿ ನೋಡಬೇಕು ಅನಿಸುತ್ತಿತ್ತು.

ಸೀಟಿಮೂರು
ಕಾಳು ಬೇಯುವುದು ಕುಕ್ಕರಿನಲ್ಲಿ ಮುಗಿದಿದೆ ಅಕ್ಕ. ಮುಂದಿನ ಸಲ ಮುಚ್ಚಳ ಮುಟ್ಟಬೇಡಿ.