ವೇಸ್ಟ್‌ಲ್ಯಾಂಡ್ 2 ಆಡಿದವರು ಹೇಳಿ: ಈಗ ಶುರು ಮಾಡಬಹುದಾ?

ಎಲ್ಲರಿಗೂ ನಮಸ್ಕಾರ. ಅಣುಯುದ್ಧದ ನಂತರದ ಲೋಕದ ಕಂಪ್ಯೂಟರ್ ಆಟ ವೇಸ್ಟ್‌ಲ್ಯಾಂಡ್ 2, ಅದರ ಸುಧಾರಿಸಿದ ಆವೃತ್ತಿ ಡೈರೆಕ್ಟರ್ಸ್ ಕಟ್ ತುಂಬಾ ದಿನದಿಂದ ನನ್ನ ಲೈಬ್ರರಿಯಲ್ಲಿ ಸುಮ್ನೆ ಬಿದ್ದಿದೆ. ಸರದಿಯಂತೆ ಆಡುವ ಟರ್ನ್ ಬೇಸ್ಡ್ ಆಟ ನನಗೆ ಇಷ್ಟ. ಆದರೆ ಇಷ್ಟು ಹಳೇ ಶೈಲಿಯ ಆರ್‌ಪಿಜಿ (ಪಾತ್ರ ಕಟ್ಟಿ ಬೆಳೆಸುವ ಆಟ) ಆಡಿ ಅಭ್ಯಾಸ ಇಲ್ಲ. ಮೊನ್ನೆ ತೆರೆದರೆ, ಪಾತ್ರ ಮಾಡುವ ಪರದೆಯಲ್ಲೇ ಅಷ್ಟೊಂದು ಸ್ಕಿಲ್ ನೋಡಿ ತಲೆ ಗಿರ್ ಅಂದಿತು. ನಾಲ್ಕು ಜನರ ತಂಡ ಹೇಗೆ ಕಟ್ಟಬೇಕು? ಶುರುವಿನಲ್ಲಿ ಬರುವ ಹೈಪೂಲ್, ಆ್ಯಗ್ ಸೆಂಟರ್ ಅನ್ನೋ ಎರಡು ಜಾಗಗಳಲ್ಲಿ ಯಾವುದಕ್ಕೆ ಮೊದಲು ಹೋಗಬೇಕು? ಇದನ್ನು ಬಿಟ್ಟು ನೇರ ಮೂರನೇ ಭಾಗ ಹಿಡಿದರೆ ಏನಾದರೂ ನಷ್ಟ ಇದೆಯಾ? ಕಥೆಯ ಗುಟ್ಟು ಬಿಟ್ಟುಕೊಡದೆ ನಿಮ್ಮ ಅನುಭವ ಹೇಳಿ.

*

ಖಂಡಿತ ಆಡಿ. ನಾನು 2014ರಲ್ಲಿ ಆಟ ಹೊರಬಂದಾಗಲೇ ಆಡಿದವನು. ಮುಂದಿನ ವರ್ಷ ಡೈರೆಕ್ಟರ್ಸ್ ಕಟ್ ಬಂದಾಗ ಮತ್ತೆ ಮೊದಲಿನಿಂದ ಆಡಿದೆ. ಹಳೇ ಸೇವ್ ಅದರಲ್ಲಿ ನಡೆಯುತ್ತಿರಲಿಲ್ಲ, ಆದರೂ ಬೇಜಾರಾಗಲಿಲ್ಲ.

ಈ ಆಟ ಯಾಕೆ ಹೀಗಿದೆ ಅಂತ ಗೊತ್ತಿದ್ದರೆ ಆಡುವುದು ಸುಲಭ. ಮೊದಲ ವೇಸ್ಟ್‌ಲ್ಯಾಂಡ್ ಬಂದಿದ್ದು 1988ರಲ್ಲಿ. ಆಗ ಡಿಸ್ಕ್‌ನಲ್ಲಿ ಜಾಗ ಕಡಿಮೆ. ಹಾಗಾಗಿ ಕಥೆಯ ಭಾಗಗಳನ್ನು ಒಂದು ಪುಸ್ತಕದಲ್ಲಿ ಅಚ್ಚು ಹಾಕಿ ಆಟದ ಜೊತೆಗೇ ಕೊಟ್ಟಿದ್ದರು. ಇಂತಿಷ್ಟನೇ ಪ್ಯಾರಾ ಓದು ಅಂತ ಪರದೆಯ ಮೇಲೆ ಬಂದಾಗ ಪುಸ್ತಕ ತೆರೆದು ಓದಬೇಕು. ಆ ಆಟ ಮಾಡಿದವರಲ್ಲಿ ಒಬ್ಬರಾದ ಬ್ರಯಾನ್ ಫಾರ್ಗೋ 2012ರ ಮಾರ್ಚ್‌ನಲ್ಲಿ ಇನ್‌ಎಕ್ಸೈಲ್ ಕಂಪನಿಯ ಪರವಾಗಿ ಜನರಿಂದ ದುಡ್ಡು ಸೇರಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಎರಡನೇ ಭಾಗಕ್ಕೆ 9 ಲಕ್ಷ ಡಾಲರ್ ಕೇಳಿದರು. ಎರಡು ದಿನದೊಳಗೆ ಅಷ್ಟೂ ಬಂತು. ಮುಗಿಯುವ ಹೊತ್ತಿಗೆ 61 ಸಾವಿರಕ್ಕೂ ಜಾಸ್ತಿ ಜನ ಸೇರಿ 29 ಲಕ್ಷ ಡಾಲರ್ ದಾಟಿಸಿದ್ದರು. ದುಡ್ಡು ಹಾಕಿದವರೆಲ್ಲ ಹಳೇ ಮಾದರಿಯ ಆಟ ಬೇಕು ಅಂತಲೇ ಹಾಕಿದವರು. ಅವರಿಗೆ ಬೇಕಾದ್ದೇ ಸಿಕ್ಕಿತು. 2013ರ ಅಕ್ಟೋಬರ್ ಅಂದಿದ್ದು 2014ರ ಸೆಪ್ಟೆಂಬರ್‌ಗೆ ಹೋಯಿತು, ನಿಜ. ಆದರೆ ಆ ಸಮಯ ಆಟದೊಳಗೆ ಕಾಣುತ್ತದೆ.

ಎಲ್ಲಿ ಕಾಣುತ್ತದೆ ಅಂದರೆ ಓದುವುದರಲ್ಲಿ. ಪರದೆಯ ಕೆಳಗೆ ಒಂದು ಬರಹದ ಪೆಟ್ಟಿಗೆ ಇದೆ. ಹೊಸಬರು ಅದನ್ನು ನೋಡುವುದೇ ಇಲ್ಲ. ಗ್ರಾಫಿಕ್ಸ್‌ನಲ್ಲಿ ಬರೀ ಕಂದು ಬಣ್ಣದ ಗೋಡೆ ಇರುತ್ತದೆ. ಆ ಕೋಣೆಯಲ್ಲಿ ಎಂಥ ವಾಸನೆ, ಎದುರಿಗೆ ನಿಂತವನ ಮುಖ ಹೇಗಿದೆ ಅನ್ನೋದೆಲ್ಲ ಆ ಪೆಟ್ಟಿಗೆಯಲ್ಲಿ ಇರುತ್ತದೆ. ಅದನ್ನು ಓದದೆ ಆಡಿದರೆ ಅರ್ಧ ಆಟವೇ ಇಲ್ಲ.

ಇನ್ನು ಹೈಪೂಲ್, ಆ್ಯಗ್ ಸೆಂಟರ್ ವಿಷಯ. ಹೈಪೂಲ್‌ನಿಂದ ಸುತ್ತಲಿನವರಿಗೆ ನೀರು, ಆ್ಯಗ್ ಸೆಂಟರ್‌ನಿಂದ ಆಹಾರ. ಎರಡೂ ಕಡೆಯಿಂದ ಕಾಪಾಡಿ ಅಂತ ಕರೆ ಬರುತ್ತದೆ. ಒಂದನ್ನು ಕಾಪಾಡಲು ಹೋದರೆ ಇನ್ನೊಂದು ಉಳಿಯಲ್ಲ. ಇಷ್ಟು ಹೇಳಿದರೆ ಗುಟ್ಟು ಬಿಟ್ಟಂತೆ ಆಗಲ್ಲ, ಆಟ ನಿಮಗೇ ಇದನ್ನು ಬೇಗ ತಿಳಿಸುತ್ತದೆ. ನನ್ನ ಮನಸ್ಸಿನಲ್ಲಿ ಉಳಿದಿದ್ದು ಆ ರೇಡಿಯೋ. ನೀವು ಒಂದು ಕಡೆ ಗುಂಡಿನ ಕಾಳಗದಲ್ಲಿ ಇರುತ್ತೀರಿ. ಇನ್ನೊಂದು ಕಡೆಯವರು ನಡುನಡುವೆ ರೇಡಿಯೋದಲ್ಲಿ ಬರುತ್ತಲೇ ಇರುತ್ತಾರೆ. ಮೊದಲು ಕೇಳಿಕೊಳ್ಳುತ್ತಾರೆ, ಆಮೇಲೆ ಬೈಯುತ್ತಾರೆ. ಆಮೇಲೆ ಆ ದನಿಯೇ ಬರಲ್ಲ. ಆಮೇಲೆ ಅಲ್ಲಿಗೆ ಹೋಗಿ ನೋಡಿ ಕೂಡ, ಏನಾಗಿದೆ ಅಂತ ಕಣ್ಣಾರೆ ಕಾಣಿಸುತ್ತದೆ. ಹಾಗಾಗಿ ಯಾವುದು ಮೊದಲು ಅಂತ ನಾನು ಹೇಳಲ್ಲ. ಅದನ್ನು ನೀವೇ ನಿರ್ಧರಿಸಬೇಕು, ನಿರ್ಧರಿಸಿದ ಮೇಲೆ ಹಿಂದಿನ ಸೇವ್ ಲೋಡ್ ಮಾಡಿ ಬದಲಾಯಿಸಬೇಡಿ. ಈ ಆಟ ನಿಮ್ಮ ಆಯ್ಕೆಗೆ ಬೆಲೆ ಕೇಳುತ್ತದೆ. ಬೆಲೆ ಕೊಟ್ಟು ಆಡಿದರೇನೇ ಇದರ ರುಚಿ.

*

ಮೇಲಿನವರು ಹೇಳಿದ್ದು ಸರಿ. ನಾನು ತಂಡ ಕಟ್ಟುವುದರ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಹೊಸಬರು ಆಟ ಬಿಡುವುದೇ ಅಲ್ಲಿ.

ನಾಲ್ಕು ಜನರನ್ನು ನೀವು ಮಾಡುತ್ತೀರಿ, ದಾರಿಯಲ್ಲಿ ಮೂರು ಜನ ಸೇರಬಹುದು. ಒಟ್ಟು ಏಳು. ಶುರುವಿನಲ್ಲೇ ನಿಮ್ಮ ರೇಂಜರ್ ಪಡೆಯ ನೆಲೆಯಾದ ಸಿಟಾಡೆಲ್ ಹತ್ತಿರ ಆ್ಯಂಜೆಲಾ ಡೆತ್ ಅನ್ನೋ ರೇಂಜರ್ ಸಿಗುತ್ತಾಳೆ, ಕಣ್ಣು ಮುಚ್ಚಿ ಸೇರಿಸಿಕೊಳ್ಳಿ. ಮೊದಲ ಕೆಲವು ಗಂಟೆ ತಂಡವನ್ನು ಎಳೆದುಕೊಂಡು ಹೋಗುವವಳು ಅವಳೇ. ಆ್ಯಗ್ ಸೆಂಟರ್‌ಗೆ ಹೋದರೆ ರೋಸ್ ಅನ್ನೋ ವೈದ್ಯೆ ಸಿಗುತ್ತಾಳೆ. ಅವಳಿಗೆ ಸರ್ಜನ್ ಸ್ಕಿಲ್ ಇದೆ. ಆದರೆ ಅವಳು ಸಿಗುವವರೆಗೂ ಯಾರಾದರೂ ಬೇಕಲ್ಲ, ಅದಕ್ಕೇ ನಿಮ್ಮ ನಾಲ್ವರಲ್ಲೂ ಒಬ್ಬರಿಗೆ ಸರ್ಜನ್ ಕೊಡಿ. ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದರೆ ಎಬ್ಬಿಸಲು ಅದು ಬೇಕು. ಫೀಲ್ಡ್ ಮೆಡಿಕ್ ಬೇರೆ, ಅದು ಗಾಯಕ್ಕೆ.

ಮುಖ್ಯ ಸೂತ್ರ ಒಂದೇ: ಒಂದು ಸ್ಕಿಲ್ ಒಬ್ಬರಿಗೆ. ಇಬ್ಬರಿಗೆ ಹಂಚಬೇಡಿ. ಸ್ಕಿಲ್‌ನ ಮೊದಲ ಹಂತಗಳು ಅಗ್ಗ, ಮೇಲೆ ಹೋದಂತೆ ದುಬಾರಿ. ಬೀಗ ತೆರೆಯುವವನು ಬೀಗವನ್ನೇ ಬೆಳೆಸಲಿ. ಬುದ್ಧಿಗೆ ಕಮ್ಮಿ ಹಾಕಬೇಡಿ. ಇಂಟೆಲಿಜೆನ್ಸ್ 4, 8, 10 ಮುಟ್ಟಿದಾಗ ಪ್ರತಿ ಲೆವೆಲ್‌ಗೂ ಸಿಗುವ ಪಾಯಿಂಟ್ ಒಂದೊಂದು ಏರುತ್ತದೆ. ನಡುವಿನ 5, 6, 7ಕ್ಕೆ ಹಾಕಿದರೆ ಈ ಲೆಕ್ಕದಲ್ಲಿ ಲಾಭ ಇಲ್ಲ. ನಾನು ಎಲ್ಲರನ್ನೂ 4ರಲ್ಲಿ ಇಟ್ಟು, ಸ್ಕಿಲ್ ಜಾಸ್ತಿ ಬೇಕಾದ ಒಬ್ಬರನ್ನು ಮಾತ್ರ 8ಕ್ಕೆ ಏರಿಸುತ್ತೇನೆ. ಕರಿಸ್ಮಾ ಕಮ್ಮಿ ಇದ್ದರೂ ನಡೆಯುತ್ತದೆ, ನಾಯಕತ್ವ ವಹಿಸುವ ಒಬ್ಬರಿಗೆ ಇದ್ದರೆ ಸಾಕು.

ಶುರುವಿನಲ್ಲಿ ಬೇಕೇ ಬೇಕಾದ್ದು ಪರ್ಸೆಪ್ಶನ್, ಲಾಕ್‌ಪಿಕಿಂಗ್, ಸರ್ಜನ್, ಫೀಲ್ಡ್ ಮೆಡಿಕ್, ಕಂಪ್ಯೂಟರ್ ಸೈನ್ಸ್. ಮಾತಿನ ಮೂರು ಸ್ಕಿಲ್ ಇವೆ: ಹಾರ್ಡ್ ಆ್ಯಸ್ ಹೆದರಿಸಲು, ಸ್ಮಾರ್ಟ್ ಆ್ಯಸ್ ಬುದ್ಧಿಯಿಂದ ಮಾತಾಡಲು, ಕಿಸ್ ಆ್ಯಸ್ ಹೊಗಳಿ ಒಲಿಸಲು. ಬೇರೆ ಬೇರೆಯವರಿಗೆ ಒಂದೊಂದು ಕೊಟ್ಟರೆ ಎಷ್ಟೋ ಕಡೆ ಗುಂಡು ಹಾರಿಸದೇ ಕೆಲಸ ಆಗುತ್ತದೆ. ಟೋಸ್ಟರ್ ರಿಪೇರಿಯನ್ನು ತಮಾಷೆ ಅಂದುಕೊಂಡು ಬಿಡಬೇಡಿ. ಕೆಟ್ಟ ಟೋಸ್ಟರ್‌ಗಳ ಒಳಗೆ ಚಿತ್ರ ವಿಚಿತ್ರ ಸಾಮಾನು ಸಿಗುತ್ತದೆ, ಅದನ್ನು ಹುಡುಕುತ್ತಿರುವವರು ಬೇರೆಲ್ಲೋ ಇರುತ್ತಾರೆ. ಅವರಿಗೆ ಕೊಟ್ಟರೆ ಒಳ್ಳೇ ಬಹುಮಾನ. ಅನಿಮಲ್ ವಿಸ್ಪರರ್ ಇದ್ದರೆ ಮೇಕೆಯಂಥ ಪ್ರಾಣಿಗಳು ಹಿಂದೆ ಬರುತ್ತವೆ, ಅವಿದ್ದಷ್ಟು ಹೊತ್ತು ಸಣ್ಣ ಲಾಭವೂ ಇದೆ. ಅದು ಅಗತ್ಯ ಅಲ್ಲ, ಆದರೆ ನಾನಂತೂ ಪ್ರತಿ ಸಲ ಹಾಕುತ್ತೇನೆ.

ಪಾತ್ರ ಮಾಡುವಾಗ ಕ್ವರ್ಕ್ (ವಿಚಿತ್ರ ಗುಣ) ಬೇಕಾ ಅಂತ ಕೇಳುತ್ತದೆ, ಒಂದು ಒಳ್ಳೆಯದು ಒಂದು ಕೆಟ್ಟದ್ದು ಜೊತೆಗೇ ಬರುತ್ತದೆ. ಮೊದಲ ಸಲ ಬೇಡ.

*

ನನಗೆ ಈ ಆಟ ಇಷ್ಟವೇ, ಆದರೆ ಹೊಸಬರಿಗೆ ಬರೀ ಹೊಗಳಿಕೆ ಕೇಳಿಸಿದರೆ ಅನ್ಯಾಯ ಆಗುತ್ತದೆ.

ಆಟದ ಮೊದಲರ್ಧ ನಡೆಯುವ ಅರಿಝೋನಾ ಭಾಗ ಅದ್ಭುತ. ರೈಲ್ ನೊಮ್ಯಾಡ್ ಅನ್ನೋ ಅಲೆಮಾರಿಗಳ ಕ್ಯಾಂಪ್‌ಗೆ ಹೋದಾಗ ಗೊತ್ತಾಗುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಒಬ್ಬ ಹುಡುಗ ನೀರಲ್ಲಿ ಮುಳುಗುತ್ತಿರುತ್ತಾನೆ, ನೀವು ಸುತ್ತಾಡುತ್ತಾ ನಿಂತರೆ ಆಟ ನಿಮಗೋಸ್ಕರ ಕಾಯಲ್ಲ. ಅಲ್ಲಿ ಆಚಿಸನ್, ಟೊಪೀಕನ್ ಅಂತ ಎರಡು ಪಂಗಡ. ಇಬ್ಬರಿಗೂ ಜಗಳ. ಒಬ್ಬರ ಪರ ನಿಲ್ಲಬಹುದು, ರಾಜಿಯೂ ಮಾಡಿಸಬಹುದು. ರಾಜಿ ಮಾಡಿಸಲು ಓಡಾಟ ಜಾಸ್ತಿ, ಆದರೆ ಆ ಓಡಾಟದಲ್ಲೇ ಅಲ್ಲಿಯ ಜನ ಪರಿಚಯ ಆಗುತ್ತಾರೆ. ಬರವಣಿಗೆ ಅಲ್ಲಿ ತುಂಬಾ ಚೆನ್ನಾಗಿದೆ.

ಅರ್ಧ ದಾಟಿ ಲಾಸ್ ಏಂಜಲೀಸ್‌ಗೆ ಹೋದ ಮೇಲೆ ಆ ಬಿಗಿ ಸ್ವಲ್ಪ ಸಡಿಲ ಆಗುತ್ತದೆ. ಜಾಗಗಳು ದೊಡ್ಡದು, ಜಗಳಗಳು ಜಾಸ್ತಿ, ನೆನಪಲ್ಲಿ ಉಳಿಯುವ ಜನ ಕಡಿಮೆ. 50 ಗಂಟೆಗೂ ಮೇಲೆ ಹಿಡಿಯುವ ಆಟ ಇದು, ಸುಸ್ತು ಕಾಡುವುದು ಅಲ್ಲೇ. ಇನ್ನೊಂದು ಕಷ್ಟ ಪೆಟ್ಟಿಗೆ ತೆರೆಯುವುದು. ಒಂದೇ ಪೆಟ್ಟಿಗೆಗೆ ಒಬ್ಬ ಅಲಾರಾಂ ತೆಗೆಯಬೇಕು, ಇನ್ನೊಬ್ಬ ಬಾಂಬ್ ತೆಗೆಯಬೇಕು, ಮತ್ತೊಬ್ಬ ಬೀಗ ತೆರೆಯಬೇಕು. ಪ್ರತಿ ಸಲ ಕೈ ಅಲ್ಲಾಡಿಸುತ್ತಾ ನಿಲ್ಲುವ ಆ ಅನಿಮೇಶನ್ ನೋಡಬೇಕು. ಒಳಗೆ ಸಿಗುವುದು ನಾಲ್ಕು ಗುಂಡು. ಇದು ನಿಜವಾಗಿ ಬೇಸರ ತರಿಸುತ್ತದೆ. ಎಲ್ಲಾ ಪೆಟ್ಟಿಗೆಯೂ ತೆರೆಯಲೇಬೇಕು ಅನ್ನೋ ಹಠ ಬಿಡಿ, ಆಟ ತಾನಾಗೇ ಚುರುಕಾಗುತ್ತದೆ.

ಮುಖಗಳೂ ಬಟ್ಟೆಗಳೂ ಈಗಿನ ಆಟಗಳ ಮುಂದೆ ಸಪ್ಪೆ. ಮಾರ್ಕ್ ಮಾರ್ಗನ್ ಅವರ ಸಂಗೀತ ಆ ಕೊರತೆಯನ್ನು ಎಷ್ಟೋ ತುಂಬುತ್ತದೆ. ಹೆಡ್‌ಫೋನ್ ಹಾಕಿಕೊಂಡೇ ಆಡಿ.

*

ಲೋಡ್ ಮಾಡಬೇಡಿ ಅನ್ನುವ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಕಥೆಯ ನಿರ್ಧಾರಕ್ಕೆ ಲೋಡ್ ಬೇಡ, ಸರಿ. ಆದರೆ ಸೇವ್ ಮಾತ್ರ ಆಗಾಗ ಮಾಡುತ್ತಲೇ ಇರಿ, ಬೇರೆ ಬೇರೆ ಸ್ಲಾಟ್‌ಗಳಲ್ಲಿ. ಬೀಗಕ್ಕೆ ಕೈ ಹಾಕಿದಾಗ ಗೆಲ್ಲುವ ಶೇಕಡಾ ಒಂದು ಕಡೆ, ಪೂರ್ತಿ ಕೆಡುವ ಶೇಕಡಾ ಇನ್ನೊಂದು ಕಡೆ ತೋರಿಸುತ್ತದೆ. ಪೂರ್ತಿ ಕೆಟ್ಟರೆ ಬೀಗ ಜಾಮ್. ಆಗ ಬ್ರೂಟ್ ಫೋರ್ಸ್ ಸ್ಕಿಲ್ ಇರುವವನು ಬಾಗಿಲು ಒದೆಯಬಹುದು, ಎಲ್ಲಾ ಕಡೆ ಅಲ್ಲ. ನಾನು ಅಂಥ ಜಾಮ್‌ಗಳನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತೇನೆ. ಬೇರೆ ದಾರಿ ಹುಡುಕುವುದೇ ಒಂದು ಮಜಾ.

*

ಪ್ರಶ್ನೆ ಕೇಳಿದವನು ನಾನೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ತಂಡ ಕಟ್ಟುತ್ತೇನೆ. ಇನ್ನೊಂದು ಕೇಳಬೇಕಿತ್ತು. ಆಯುಧ ಯಾವುದು ಕಲಿಸಲಿ? ಎಲ್ಲರಿಗೂ ಬೇರೆ ಬೇರೆ ಕೊಡಲಾ? ಕಷ್ಟದ ಮಟ್ಟ ಯಾವುದು ಇಡಲಿ?

*

ಸೀಸನ್ಡ್ ಇಡಿ. ಕೆಳಗೆ ರೂಕಿ ಇದೆ, ಮೇಲೆ ರೇಂಜರ್, ಸುಪ್ರೀಮ್ ಜರ್ಕ್ ಇವೆ. ರೂಕಿಯಲ್ಲಿ ಯೋಚನೆ ಮಾಡುವ ಕೆಲಸವೇ ಇರಲ್ಲ. ಸೀಸನ್ಡ್‌ನಲ್ಲಿ ಗುಂಡು ಉಳಿಸುವ ಚಿಂತೆ ಇರುತ್ತದೆ, ಆ ಚಿಂತೆ ಈ ಲೋಕಕ್ಕೆ ಬೇಕು.

ಆಯುಧದಲ್ಲಿ ಅಸಾಲ್ಟ್ ರೈಫಲ್ ಎಲ್ಲದಕ್ಕಿಂತ ಮೇಲು, ಅದರಲ್ಲಿ ವಾದವೇ ಇಲ್ಲ. ಇಬ್ಬರಿಗೆ ಕೊಡಿ. ಹಾಗಂತ ಎಲ್ಲರಿಗೂ ಕೊಟ್ಟರೆ ಒಂದೇ ಜಾತಿಯ ಗುಂಡಿಗೆ ಎಲ್ಲರೂ ಕೈ ಚಾಚುತ್ತಾರೆ, ಅರ್ಧ ದಾರಿಯಲ್ಲಿ ಜೇಬು ಖಾಲಿ. ಒಬ್ಬರಿಗೆ ಸ್ನೈಪರ್. ದೂರದಿಂದ ಭಯಂಕರ, ಹತ್ತಿರ ಬಂದರೆ ಗುರಿ ತಪ್ಪುತ್ತದೆ. ಒಬ್ಬರು ಕೈಯಲ್ಲಿ ಹೊಡೆಯುವವರು ಇರಲಿ, ಗುಂಡಿನ ಖರ್ಚಿಲ್ಲ. ಶಾಟ್‌ಗನ್ ಚೆದುರಿ ಹೊಡೆಯುತ್ತದೆ, ಮುಂದೆ ನಿಮ್ಮವರೇ ನಿಂತಿದ್ದರೆ ಅವರಿಗೂ ಬೀಳುತ್ತದೆ. ಎನರ್ಜಿ ಆಯುಧ ದಪ್ಪ ಕವಚ ಹಾಕಿದವರ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೇ ಅದನ್ನು ಆಮೇಲೆ ನೋಡಿಕೊಳ್ಳಿ.

ಜಗಳ ನೀವೇ ಶುರು ಮಾಡಿ, ಇದು ದೊಡ್ಡ ಗುಟ್ಟು. ಶತ್ರು ಕಂಡ ಕೂಡಲೇ ಗುಂಪು ಬಿಡಿಸಿ ಒಬ್ಬೊಬ್ಬರನ್ನೂ ಮರೆಯಲ್ಲಿ ನಿಲ್ಲಿಸಿ. ಆಮೇಲೆ ಸ್ನೈಪರ್‌ನಿಂದ ಮೊದಲ ಗುಂಡು. ಆ ಏಟು ಬಿದ್ದ ಮೇಲೇ ಸರದಿಯ ಜಗಳ ಶುರುವಾಗುವುದು. ಆ್ಯಗ್ ಸೆಂಟರ್‌ಗೆ ಹೋದರೆ ಅಲ್ಲಿ ಸಿಡಿಯುವ ಗಿಡದ ಬುರುಡೆಗಳು ಸಿಗುತ್ತವೆ. ಹತ್ತಿರ ಹೋಗದೆ ದೂರದಿಂದಲೇ ಹೊಡೆದು ಸಿಡಿಸಿ.

ಬೇಡದ ಬಂದೂಕನ್ನು ಎಲ್ಲಾ ಮಾರಬೇಡಿ. ವೆಪನ್‌ಸ್ಮಿಥಿಂಗ್ ಇದ್ದರೆ ಬಿಚ್ಚಿ ಬಿಡಿಭಾಗ ತೆಗೆಯಬಹುದು, ಅದನ್ನು ನಿಮ್ಮ ರೈಫಲ್‌ಗೆ ಹಾಕಿದರೆ ವ್ಯತ್ಯಾಸ ಕಾಣುತ್ತದೆ. ಲೆವೆಲ್ ಏರಲು ರೇಡಿಯೋದಲ್ಲಿ ಸಿಟಾಡೆಲ್‌ಗೆ ಕರೆ ಮಾಡಬೇಕು. ಅದು ತಾನಾಗಿ ಆಗಲ್ಲ. ಮ್ಯಾಪ್‌ನಲ್ಲಿ ನಡೆಯುವಾಗ ನೀರಿನ ಮೇಲೆ ಕಣ್ಣಿರಲಿ, ಓಯಸಿಸ್ ಕಂಡಲ್ಲೆಲ್ಲ ತುಂಬಿಸಿಕೊಳ್ಳಿ. ವಿಕಿರಣದ ಜಾಗಕ್ಕೆ ಈಗಲೇ ನುಗ್ಗಬೇಡಿ, ತಕ್ಕ ಸೂಟ್ ಕಥೆಯಲ್ಲೇ ಸಿಗುತ್ತದೆ.

*

ಮೂರನೇ ಭಾಗದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳುತ್ತೇನೆ.

ವೇಸ್ಟ್‌ಲ್ಯಾಂಡ್ 3 ಕೂಡ ಜನರ ದುಡ್ಡಿನಿಂದಲೇ ಶುರುವಾಗಿದ್ದು. 2016ರಲ್ಲಿ ಫಿಗ್ ಅನ್ನೋ ತಾಣದಲ್ಲಿ 31 ಲಕ್ಷ ಡಾಲರ್ ಸೇರಿತ್ತು. ನಡುವೆ 2018ರಲ್ಲಿ ಮೈಕ್ರೋಸಾಫ್ಟ್ ಇನ್‌ಎಕ್ಸೈಲ್ ಕಂಪನಿಯನ್ನೇ ಕೊಂಡಿತು, ಆಟ 2020ರ ಆಗಸ್ಟ್‌ನಲ್ಲಿ ಬಂತು. ಆಡಲು ಸುಲಭ, ನೋಡಲು ಚಂದ, ಎಲ್ಲರ ಮಾತಿಗೂ ದನಿ ಇದೆ. ತಂಡ ಆರು ಜನರದ್ದು. ನಿಮ್ಮ ಕಡೆಯವರೆಲ್ಲ ಒಂದೇ ಸರದಿಯಲ್ಲಿ ಆಡುತ್ತಾರೆ, ಹಾಗಾಗಿ ಜಗಳ ಬೇಗ ಮುಗಿಯುತ್ತದೆ. ಮರಳುಗಾಡು ಹೋಗಿ ಕೊಲರಾಡೋದ ಹಿಮ ಬಂದಿದೆ. ಎರಡನೆಯದು ಆಡದೆಯೂ ಕಥೆ ಅರ್ಥ ಆಗುತ್ತದೆ.

ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೆಯದನ್ನೇ ಮೊದಲು ಆಡುತ್ತಿದ್ದೆ. ಮೂರರಲ್ಲಿ ಆ್ಯಂಜೆಲಾ ಡೆತ್ ಮತ್ತೆ ಬರುತ್ತಾಳೆ. ಅವಳ ಜೊತೆ ಅರಿಝೋನಾದಲ್ಲಿ ನಡೆದವರಿಗೆ ಅವಳ ಮಾತು ಬೇರೆ ಥರ ತಟ್ಟುತ್ತದೆ. ಇನ್ನೊಂದು ಕಾರಣವೂ ಇದೆ. ಮೂರರ ಅನುಕೂಲ ಅಭ್ಯಾಸ ಆದ ಮೇಲೆ ಎರಡಕ್ಕೆ ಬಂದರೆ ಪೆಟ್ಟಿಗೆ, ಬೀಗ, ರೇಡಿಯೋ ಕರೆ ಎಲ್ಲ ಭಾರ ಅನಿಸುತ್ತದೆ. ಈಗ ಹೊಸದಾಗಿ ಬಂದವರಿಗೆ ಅಷ್ಟು ಅನಿಸಲ್ಲ. ಲಾಸ್ ಏಂಜಲೀಸ್ ಭಾಗ ಬೇಸರ ಬಂದರೆ ಅಲ್ಲಿ ಮುಖ್ಯ ಕಥೆಯನ್ನಷ್ಟೇ ಹಿಡಿದು ಹೋಗಿ, ತಪ್ಪೇನಿಲ್ಲ. ಆದರೆ ಅರಿಝೋನಾದಿಂದ ಹೆಲಿಕಾಪ್ಟರ್ ಹತ್ತುವ ಮುಂಚೆ ಅಲ್ಲಿ ಬಾಕಿ ಇರುವ ಕೆಲಸ ಎಲ್ಲಾ ಮುಗಿಸಿಕೊಳ್ಳಿ, ಟೋಸ್ಟರ್ ಸಾಮಾನು ಕೊಡಬೇಕಾದವರಿಗೆ ಕೊಟ್ಟುಬಿಡಿ, ಬೇರೆ ಸ್ಲಾಟ್‌ನಲ್ಲಿ ಒಂದು ಸೇವ್ ಇಡಿ. ಹೈಪೂಲ್‌ಗೆ ಹೋದಿರಾ, ಆ್ಯಗ್ ಸೆಂಟರ್‌ಗೆ ಹೋದಿರಾ ಅಂತ ಇಲ್ಲೇ ಬಂದು ಹೇಳಿ, ಯಾಕೆ ಅಂತಲೂ ಹೇಳಿ.