ಸಹಾಯ ಬೇಕು: ಸ್ಥಳೀಯ ಮುಖಂಡರ ಬಗ್ಗೆ ಜನಾಭಿಪ್ರಾಯ ಅಳೆಯುವ ಪ್ರಶ್ನಾವಳಿ

ನಗರದ ಬಡ ಬಡಾವಣೆಗಳ ನಿವಾಸಿಗಳು ತಮ್ಮ ಮುಖಂಡರನ್ನು ಹೇಗೆ ಕಾಣುತ್ತಾರೆಂದು ಅಳೆಯಲು 24 ಹೇಳಿಕೆಗಳ ಪ್ರಶ್ನಾವಳಿ ಮಾಡಿದ್ದೇವೆ. ನಂಬಿಕೆ, ಕೈಗೆ ಸಿಗುವುದು, ಸವಲತ್ತಿನ ನ್ಯಾಯವಾದ ಹಂಚಿಕೆ, ಜನರ ಮಾತು ಕೇಳುವುದು: ತಲಾ 6 ಹೇಳಿಕೆ, 5 ಅಂಕದ ಮಾಪಕ.

ಪೂರ್ವಪರೀಕ್ಷೆಯಲ್ಲಿ ಹೆಚ್ಚಿನವರು ಎಲ್ಲದಕ್ಕೂ ‘ಒಪ್ಪುತ್ತೇನೆ’ ಅನ್ನುತ್ತಿದ್ದಾರೆ. ಮುಖಂಡರ ಕಡೆಯವರು ಬಾಗಿಲಲ್ಲಿ ನಿಂತಿದ್ದರಂತೂ ಬೇರೆ ಉತ್ತರವೇ ಇಲ್ಲ. ಕ್ರಾನ್‌ಬಾಕ್ ಆಲ್ಫಾ (ಹೇಳಿಕೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆಂದು ತೋರಿಸುವ ಅಳತೆ) 0.9 ದಾಟಿದೆ, ಆದರೆ ಅದನ್ನು ನಂಬುವಂತಿಲ್ಲ. ಕಣ್ಣುಮುಚ್ಚಿ ಒಪ್ಪಿದರೂ ಆಲ್ಫಾ ಏರುತ್ತದೆ. ‘ತಮ್ಮವರಿಗೆ ಮಾತ್ರ ಕೆಲಸ ಮಾಡಿಕೊಡುತ್ತಾರೆ’ ಎಂಬಂಥ ಉಲ್ಟಾ ಹೇಳಿಕೆ ಸೇರಿಸಿದರೆ, ಅಂಶ ವಿಶ್ಲೇಷಣೆಯಲ್ಲಿ (ಯಾವ ಹೇಳಿಕೆಗಳ ಉತ್ತರಗಳು ಒಟ್ಟಿಗೆ ಸಾಗುತ್ತವೆಂದು ನೋಡಿ ಗುಂಪು ಮಾಡುವ ಲೆಕ್ಕ) ಅವೆಲ್ಲ ಬೇರೆಯೇ ಗುಂಪಾಗುತ್ತವೆ.

‘ಮುಖಂಡ’ ಅಂದಾಗ ಒಬ್ಬರ ಮನಸ್ಸಿನಲ್ಲಿ ವಾರ್ಡ್ ಸದಸ್ಯ, ಇನ್ನೊಬ್ಬರಿಗೆ ಸಂಘದ ಅಧ್ಯಕ್ಷೆ. ಹಾಗಾಗಿ ಮೊದಲು ‘ನಲ್ಲಿ ನೀರು ನಿಂತರೆ ಯಾರ ಹತ್ತಿರ ಹೋಗುತ್ತೀರಿ?’ ಎಂದು ಕೇಳಿ, ಅವರ ಬಗ್ಗೆಯೇ ಮುಂದಿನ ಪ್ರಶ್ನೆ ಇಡುತ್ತಿದ್ದೇವೆ. ಇದು ಚೆನ್ನಾಗಿ ನಡೆಯುತ್ತಿದೆ.

ಒಪ್ಪಿಗೆಯ ಬದಲು ‘ಕಳೆದ 6 ತಿಂಗಳಲ್ಲಿ ಎಷ್ಟು ಸಲ ಭೇಟಿಗೆ ಸಿಕ್ಕರು?’ ಎಂಬಂಥ ಅನುಭವದ ಪ್ರಶ್ನೆ ಬಳಸಿದವರಿದ್ದೀರಾ? ಓದಲು ಬಾರದವರಿಗೆ ಗುಟ್ಟಾಗಿ ಉತ್ತರಿಸಲು ಬಣ್ಣದ ಚೀಟಿ, ಮುಚ್ಚಿದ ಡಬ್ಬಿ ಸಾಕೇ? ಬಾಡಿಗೆದಾರರು, ಮನೆಮಾಲೀಕರು ಹೇಳಿಕೆಗಳನ್ನು ಒಂದೇ ಅರ್ಥದಲ್ಲಿ ತಿಳಿಯುತ್ತಾರೆಯೇ ಎಂದು ಪರೀಕ್ಷಿಸಲು ಪ್ರತಿ ಗುಂಪಿನಲ್ಲಿ 200 ಜನ ಸಾಲುತ್ತಾರೆಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.