‘ಎಐ ಬಂತು, ರಾಜೀನಾಮೆ ಹಾಕಿ’ ಅಂತಿದ್ದಾರೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಕ್ಯಾತ್ಸಂದ್ರ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುತ್ತೇನೆ. ಏಳು ವರ್ಷದಿಂದ ಒಂದೇ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಟೆಸ್ಟ್ ಕೇಸ್ ಎಲ್ಲಾ ಈಗ ಎಐ ಬರೆಯುತ್ತೆ, ಟೀಮಿನಲ್ಲಿ ಅರ್ಧ ಜನ ಸಾಕು ಅಂತಿದ್ದಾರೆ. ನಿನ್ನೆ ಎಚ್‌ಆರ್ ಕರೆದು, ನೀವೇ ಪೋರ್ಟಲ್‌ನಲ್ಲಿ ರಾಜೀನಾಮೆ ಹಾಕಿ, ಎರಡು ತಿಂಗಳ ಸಂಬಳ ಕೊಡುತ್ತೇವೆ ಅಂದರು. ತೆರೆದರೆ ಕಾರಣದ ಜಾಗದಲ್ಲಿ ‘ವೈಯಕ್ತಿಕ’ ಅಂತ ಆಗಲೇ ತುಂಬಿದೆ, ಬದಲಾಯಿಸೋಕೂ ಆಗಲ್ಲ. ಸೋಮವಾರದವರೆಗೆ ಟೈಮ್ ಕೊಟ್ಟಿದ್ದಾರೆ. ಮನೆ ಸಾಲದ ಕಂತು ಬೇರೆ ಇದೆ.

ಉತ್ತರ (ಕಾರ್ಮಿಕ ಕಾನೂನು ವಕೀಲೆ, ತುಮಕೂರು): ಆ ಬಟನ್ ಒತ್ತಬೇಡಿ. ನೀವಾಗಿ ಬಿಟ್ಟರೆ ಪರಿಹಾರ ಕೇಳುವ ದಾರಿ ಬಹುತೇಕ ಮುಚ್ಚುತ್ತೆ. 2025ರ ಜುಲೈನಲ್ಲಿ ಟಿಸಿಎಸ್ 12,000ಕ್ಕೂ ಜಾಸ್ತಿ ಜನರನ್ನು ತೆಗೆಯುತ್ತೇವೆ ಅಂದಾಗ, ಎಐ ಕಾರಣ ಅಲ್ಲ ಅಂದಿತ್ತು. ನಿಮ್ಮವರು ಎಐ ಅಂತಿದ್ದಾರೆ. ಕಾರಣ ಏನೇ ಇರಲಿ, ಕೆಲಸದಿಂದ ತೆಗೆಯುತ್ತಿರುವುದು ಅವರು, ಅಲ್ವಾ?

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಪ್ರಕಾರ, ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲ ಆ ತಿಂಗಳ ಸಂಬಳ. ಜೊತೆಗೆ ಸರ್ವಿಸ್‌ನ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ನಿಮಗೆ 105 ದಿನದ್ದು ಆಗುತ್ತೆ. ಕೆಲಸ ಹೋದವರು ಹೊಸ ಕೌಶಲ ಕಲಿಯಲಿ ಅಂತ ಇರುವ ಮರುಕೌಶಲ ನಿಧಿಯಿಂದ ಇನ್ನೂ 15 ದಿನದ್ದು ಬರಬೇಕು. ಗ್ರಾಚ್ಯುಟಿ ಇದರಲ್ಲಿ ಸೇರಿಲ್ಲ. ಐದು ವರ್ಷ ದಾಟಿರುವುದರಿಂದ ಅದು ಹೇಗೂ ನಿಮ್ಮದೇ. ಎರಡು ತಿಂಗಳ ಲೆಕ್ಕದೊಳಗೆ ಅದನ್ನೂ ತುರುಕಿದರೆ ಒಪ್ಪಬೇಡಿ.

ಇವತ್ತೇ ಎಚ್‌ಆರ್‌ಗೆ ಮೇಲ್ ಹಾಕಿ: ‘ನಿನ್ನೆ ಎಐ ಕಾರಣ ಹೇಳಿ ರಾಜೀನಾಮೆ ಕೇಳಿದಿರಿ. ಕೆಲಸ ಬಿಡುವ ಇಚ್ಛೆ ನನಗಿಲ್ಲ.’ ಇಷ್ಟೇ ಸಾಕು, ಜಗಳದ ಮಾತು ಬೇಡ. ನೇಮಕಾತಿ ಪತ್ರ, ಪೇಸ್ಲಿಪ್ ತೆಗೆದಿಟ್ಟುಕೊಳ್ಳಿ. ಅವರು ನಿಮ್ಮ ಲಾಗಿನ್ ಯಾವಾಗ ಬೇಕಾದರೂ ನಿಲ್ಲಿಸಬಹುದು. ಆದರೆ ಕಂಪನಿಯ ಕೋಡ್, ಕ್ಲೈಂಟ್ ಫೈಲ್ ಮುಟ್ಟಲೇಬೇಡಿ. ಅದೇ ನೆಪವಾಗುತ್ತೆ.

ಇನ್ನೊಬ್ಬರು: ಮೇಡಂ, ನಾನು ‘ಟೆಸ್ಟ್ ಲೀಡ್’. ನನಗೂ ಇದು ಅನ್ವಯಿಸುತ್ತಾ?

ಉತ್ತರ: ಹುದ್ದೆಯ ಹೆಸರು ಮುಖ್ಯ ಅಲ್ಲ, ದಿನಾ ಏನು ಮಾಡುತ್ತೀರಿ ಅನ್ನುವುದು ಮುಖ್ಯ. ಹೆಚ್ಚು ಹೊತ್ತು ನೀವೇ ಕೂತು ಟೆಸ್ಟ್ ಮಾಡುತ್ತೀರಾದರೆ ವಾದಕ್ಕೆ ಬಲ ಇದೆ. ರಜೆ ಮಂಜೂರು, ಅಪ್ರೈಸಲ್ ಇದೇ ನಿಮ್ಮ ಮುಖ್ಯ ಕೆಲಸವಾದರೆ ಕಷ್ಟ. ಮ್ಯಾನೇಜರ್‌ಗಳು ಈ ಕಾನೂನಿನ ರಕ್ಷಣೆಯಿಂದ ಹೊರಗೆ. ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಸಂಬಳದ ಸೂಪರ್‌ವೈಸರ್‌ಗಳೂ ಹೊರಗೆ. ಕಂಪನಿ ಹಿಡಿಯುವುದು ಇದೇ ಜಾಗ.

ಪ್ರಶ್ನೆ ಕೇಳಿದವರು: ದೂರು ತುಮಕೂರಿನಲ್ಲೇ ಕೊಡಬಹುದಾ?

ಉತ್ತರ: ಕೆಲಸದ ಜಾಗ ಬೆಂಗಳೂರು, ಅಲ್ಲೇ ಕೊಡಿ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ. ಐಟಿ ನೌಕರರ ಸಂಘ ಕಿಟು ಕೂಡ ಇಂಥ ಪ್ರಕರಣಗಳಲ್ಲಿ ಜೊತೆ ನಿಲ್ಲುತ್ತೆ. ಟೀಮಿನಲ್ಲಿ ಇನ್ನೂ ಯಾರಿಗೆ ಹೀಗೆ ಹೇಳಿದ್ದಾರೋ ಅವರನ್ನೂ ಕರೆದುಕೊಂಡು ಹೋಗಿ.